ಹತ್ತು ಅಕ್ಷರದ ಗುಟ್ಟು

ಮೊನ್ನೆ ಟ್ರಂಕಿನೊಳಗೆ ಏನೋ ಸರಸರ ಅಂದ ಹಾಗಾಯಿತೆಂದು ಸೀರೆಗಳನ್ನೆಲ್ಲ ಹೊರಗೆ ಹಾಕಿಸಿದೆ. ಹಾಕಿಸಿದೆ ಎಂದರೆ ಸೊಸೆಯಿಂದ ಹಾಕಿಸಿದೆ. ನಾನು ಮಂಚದ ಮೇಲೆ ಕಾಲೆತ್ತಿ ಕೂತು ಉಸ್ತುವಾರಿ ನೋಡಿಕೊಂಡೆ. ಜಿರಳೆ ಸಿಗಲಿಲ್ಲ. ತಳದಲ್ಲಿದ್ದ ಇಳಕಲ್ ಸೀರೆಯನ್ನು ಕೊಡವಿದಾಗ ಮಡಿಕೆಯೊಳಗಿಂದ ಒಂದು ರಟ್ಟಿನ ಚೀಟಿ ಬಿತ್ತು. ಪೆನ್ಸಿಲಿನಲ್ಲಿ ಬರೆದ ಮೂರು ಇಂಗ್ಲಿಷ್ ಅಕ್ಷರ: ಬಿ, ಸಿ, ಆರ್. ಇದು ಯಾರ ಇನಿಷಿಯಲ್ಲು ಅತ್ತೆ ಎಂದು ಸೊಸೆ ಕೇಳಿದಳು. ಯಾರದೂ ಅಲ್ಲ, ನೂರ ತೊಂಬತ್ತೈದು ರೂಪಾಯಿ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ಹೋಗಿ ಟೀ ಮಾಡಿಕೊಂಡು ಬಂದಳು. ವಯಸ್ಸಾದವರು ಏನಾದರೂ ಅಂದರೆ ಟೀ ಮಾಡುವುದು ನಮ್ಮ ಮನೆಯ ಪದ್ಧತಿ.

ಆ ಚೀಟಿಯನ್ನು ಓದಬಲ್ಲವರು ಒಂದು ಕಾಲಕ್ಕೆ ಈ ಭೂಮಿಯ ಮೇಲೆ ಮೂರೇ ಮಂದಿ ಇದ್ದರು. ಈಗ ನಾನೊಬ್ಬಳೇ ಉಳಿದಿದ್ದೇನೆ. ಗುಟ್ಟು ಕಾಯಬೇಕಾದ ಅಂಗಡಿಯೇ ಇಲ್ಲವಾದ ಮೇಲೆ ನಿಮಗೆ ಹೇಳಿದರೆ ನಷ್ಟವೇನಿಲ್ಲ. ಆದರೂ ನೋಡಿ, ಬರೆಯಲು ಕೂತರೆ ಇವತ್ತಿಗೂ ಕೈ ಹಿಂಜರಿಯುತ್ತದೆ.

ನನ್ನ ಅಪ್ಪ ಗುರುಶಾಂತಪ್ಪ ಹೊನ್ನಾಳಿ ಪೇಟೆಯಲ್ಲಿ ಜವಳಿ ಅಂಗಡಿಯ ಗುಮಾಸ್ತ. ಅಂಗಡಿ ಸಾಹುಕಾರ್ ಚನ್ನಬಸಪ್ಪನವರದು. ಎಪ್ಪತ್ತರ ದಶಕದ ನಡುವಿನ ಮಾತು; ಬಟ್ಟೆಯ ಮೇಲೆ ಬೆಲೆ ಅಚ್ಚಾಗಿ ಬರುತ್ತಿರಲಿಲ್ಲ. ಸಾಸ್ವೆಹಳ್ಳಿಯಿಂದಲೋ ಗೋವಿನಕೋವಿಯಿಂದಲೋ ಮದುವೆ ಜವಳಿಗೆ ಬಂದವರು ಬೆಳಿಗ್ಗೆ ಜಮಖಾನದ ಮೇಲೆ ಕೂತರೆ ಊಟದ ಹೊತ್ತಿನವರೆಗೂ ಚೌಕಾಸಿ. ಎಲ್ಲಿಯವರೆಗೆ ಇಳಿಯಬಹುದೆಂದು ಮಾರುವವನಿಗೆ ಗೊತ್ತಿರಬೇಕು, ಕೊಳ್ಳುವವನಿಗೆ ಗೊತ್ತಾಗಬಾರದು. ಅದಕ್ಕೆ ಅಂಗಡಿಗೊಂದು ಗುಟ್ಟಿನ ಪದ ಇರುತ್ತಿತ್ತು. ಹತ್ತು ಅಕ್ಷರದ ಇಂಗ್ಲಿಷ್ ಪದ; ಒಮ್ಮೆ ಬಂದ ಅಕ್ಷರ ಇನ್ನೊಮ್ಮೆ ಬರಕೂಡದು. ಮೊದಲ ಅಕ್ಷರ ಅಂದರೆ ಒಂದು, ಎರಡನೆಯದು ಎರಡು, ಹೀಗೆ ಒಂಬತ್ತರವರೆಗೆ, ಹತ್ತನೆಯದು ಸೊನ್ನೆ. ಬಟ್ಟೆಯ ಅಸಲು ಬೆಲೆಯನ್ನು ಈ ಅಕ್ಷರಗಳಲ್ಲಿ ಬರೆದು ಚೀಟಿ ಸಿಕ್ಕಿಸುತ್ತಿದ್ದರು. ಗಿರಾಕಿ ಚೀಟಿ ನೋಡಿದರೂ ಏನೂ ತಿಳಿಯುತ್ತಿರಲಿಲ್ಲ.

ಚನ್ನಬಸಪ್ಪನವರ ಅಂಗಡಿಯ ಹಳೆಯ ಪದ 'ಇಂಪಾರ್ಟೆನ್ಸ್'. ಅವರ ತಂದೆಯ ಕಾಲದಲ್ಲಿ ಮುಂಬಯಿಯ ಯಾವುದೋ ಮಿಲ್ಲಿನ ಏಜೆಂಟು ಕೊಟ್ಟು ಹೋದದ್ದಂತೆ. ಅದರಲ್ಲಿ ನಾಲ್ಕನೆಯ ಅಕ್ಷರ ಓ. ಹೊಸದಾಗಿ ಸೇರಿದವರೊಬ್ಬರು ಅದನ್ನು ಸೊನ್ನೆ ಎಂದು ಓದಿ ಒಂದು ಒಳ್ಳೆಯ ಪಂಚೆಯನ್ನು ಅಸಲಿಗಿಂತ ಕೆಳಗೆ ಕೊಟ್ಟುಬಿಟ್ಟಿದ್ದರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಪದ ಬಲ್ಲ ಹಳೆಯ ಗುಮಾಸ್ತರೊಬ್ಬರು ಕೆಲಸ ಬಿಟ್ಟು ನ್ಯಾಮತಿಯಲ್ಲಿ ಸ್ವಂತ ಅಂಗಡಿ ಇಟ್ಟರು. ಅವರಿಂದ ಪದ ಊರಿಗೆಲ್ಲ ಹಬ್ಬಿ, ಆ ದೀಪಾವಳಿಗೆ ಬಂದ ಗಿರಾಕಿಗಳು ಚೀಟಿ ತಿರುಗಿಸಿ ನೋಡಿ ಅಸಲಿಗೆ ಸರಿಯಾಗಿ ಒಂದೇ ರೂಪಾಯಿ ಮೇಲಿಟ್ಟು ಕೇಳತೊಡಗಿದರು. ಸಾಹುಕಾರರಿಗೆ ಎರಡು ದಿನ ಅನ್ನ ಸೇರಲಿಲ್ಲ ಎಂದು ಅಪ್ಪ ಮನೆಗೆ ಬಂದು ಹೇಳಿದರು. ಮುಂದಿನ ವರ್ಷದ ಹಬ್ಬದ ಮಾಲು ಬರುವುದರೊಳಗೆ ಹೊಸ ಪದ ಬೇಕೇ ಬೇಕು ಎಂದಾಯಿತು.

ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು. ನಾನಾಗ ಒಂಬತ್ತನೆಯ ತರಗತಿ. ಇಂಗ್ಲಿಷಿನಲ್ಲಿ ಕ್ಲಾಸಿಗೆ ಮೊದಲು. ಇದನ್ನು ಹೊಗಳಿಕೊಳ್ಳಲು ಹೇಳುತ್ತಿಲ್ಲ. ನಮ್ಮ ಕ್ಲಾಸಿನಲ್ಲಿ ಇಂಗ್ಲಿಷ್ ಪಾಸಾಗುತ್ತಿದ್ದವರೇ ಆರು ಜನ. ಆದರೆ ಮಿಡ್ಲ್ ಸ್ಕೂಲಿಗೆ ಓದು ನಿಲ್ಲಿಸಿದ್ದ ಅಪ್ಪನಿಗೆ ಅದೊಂದು ದೊಡ್ಡ ಸಂಗತಿ. ಅಂಗಡಿಗೆ ಬಂದವರಿಗೆಲ್ಲ, ನನ್ನ ಮಗಳು ಪೇಪರನ್ನು ಗಿಣಿ ಹಾಗೆ ಓದುತ್ತಾಳೆ ಎನ್ನುತ್ತಿದ್ದರಂತೆ. ಅರ್ಥ ತಿಳಿಯದೆ ಓದುವುದರಲ್ಲಿ ನಾನು ನಿಜವಾಗಿ ಗಿಣಿಯೇ. ಅದನ್ನು ಅವರಿಗೆ ಬಿಡಿಸಿ ಹೇಳುವಷ್ಟು ಪ್ರಾಮಾಣಿಕತೆ ನನ್ನಲ್ಲಿರಲಿಲ್ಲ.

ಒಂದು ಶನಿವಾರ ಅಪ್ಪ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು. ಸಾಹುಕಾರರು ಗಾದಿಯ ಮೇಲೆ ಕೂತಿದ್ದರು. ಹಣೆಯ ತುಂಬ ವಿಭೂತಿ, ಕತ್ತಿನ ಲಿಂಗದ ದಾರದ ಮೇಲೆ ಸದಾ ಒಂದು ಕೈ. ಮೆಲ್ಲಗೆ ಮಾತಾಡುವ ಮನುಷ್ಯ. ಅದಕ್ಕೇ ಅವರೆಂದರೆ ಹೆಚ್ಚು ಹೆದರಿಕೆ. ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು.

"ನೋಡವ್ವ ಗಿರಿಜಾ. ಮೊದಲ್ನೇ ಅಕ್ಷರ ಬಿ ಇರಬೇಕು, ಬಸವಣ್ಣನ ಹೆಸರಿಂದು. ಓ ಬ್ಯಾಡ, ಸೊನ್ನೆ ಆಗ್ತೈತೆ. ಐ ಬ್ಯಾಡ, ಒಂದು ಆಗ್ತೈತೆ. ಹತ್ತೇ ಅಕ್ಷರ. ಬಂದದ್ದೇ ತಿರುಗಿ ಬರಬಾರದು. ಹುಡುಕಾಕೆ ಆಗ್ತೈತಾ?"

ಆಗುತ್ತದೆ ಎಂದೆ. ಆಗದೆ ಏನು, ಗಿಣಿಯಲ್ಲವೇ. ಅವರು ಇನ್ನೂ ಮೆಲ್ಲಗೆ ಅಂದರು.

"ಪದ ಗೊತ್ತಿರೋದು ನಂಗೆ, ನಿಮ್ಮಪ್ಪಗೆ, ನಿಂಗೆ. ಹೊರಗೆ ಹೋತು ಅಂದ್ರೆ ಯಾರ ಬಾಯಿಂದ ಹೋತು ಅಂತ ಹುಡುಕಾಕೆ ನಾ ದೂರ ಹೋಗಬೇಕಿಲ್ಲ."

ಪಕ್ಕದಲ್ಲಿ ನಿಂತಿದ್ದ ಅಪ್ಪನನ್ನು ನೋಡಿದೆ; ಅವರು ನೆಲ ನೋಡುತ್ತಿದ್ದರು. ನಮಗೆ ಹೊಲವಿಲ್ಲ, ತೋಟವಿಲ್ಲ, ಇದ್ದದ್ದು ಆ ಗುಮಾಸ್ತಿಕೆ ಒಂದೇ. ಅದು ಹೋದರೆ ಅಪ್ಪ, ಅವ್ವ, ನಾನು, ಇಬ್ಬರು ತಮ್ಮಂದಿರು ಎಲ್ಲಿಗೆ ಹೋಗುವುದು? ಆವತ್ತಿನವರೆಗೆ ನನಗೆ ಹಲ್ಲಿ, ಲೆಕ್ಕದ ಮೇಷ್ಟ್ರು, ಹೊಳೆಯ ಸುಳಿ, ಇಷ್ಟಕ್ಕೆ ಮಾತ್ರ ಭಯ. ಆವತ್ತಿನಿಂದ ಇಂಗ್ಲಿಷ್ ಅಕ್ಷರಗಳೂ ಆ ಪಟ್ಟಿಗೆ ಸೇರಿದವು.

ಹುಡುಕಾಟ ಶುರುವಾಯಿತು. ನೀವೂ ಒಮ್ಮೆ ಪ್ರಯತ್ನಿಸಿ ನೋಡಿ, ನನ್ನ ಪಾಡು ಗೊತ್ತಾಗುತ್ತದೆ. ಪಠ್ಯಪುಸ್ತಕದಲ್ಲಿ ಬಿಯಿಂದ ಶುರುವಾಗುವ ಪದಗಳನ್ನೆಲ್ಲ ಬೆರಳು ಮಡಿಸಿ ಎಣಿಸಿದೆ. ಬ್ಯೂಟಿಫುಲ್ ಒಂಬತ್ತಕ್ಕೇ ನಿಂತಿತು. ಬ್ಲ್ಯಾಕ್‌ಸ್ಮಿತ್ ಸಿಕ್ಕಿತು, ಹತ್ತಕ್ಕೆ ಹತ್ತು, ಕುಣಿದಾಡಿದೆ. ನೋಡಿದರೆ ನಡುವೆ ಐ ಕೂತಿತ್ತು. ಬ್ಯಾಕ್‌ಗ್ರೌಂಡ್ ಸಿಕ್ಕಿತು, ಅದರಲ್ಲಿ ಓ. ಬರ್ತ್‌ಪ್ಲೇಸ್ ಸಿಕ್ಕಿತು, ಮತ್ತೆ ಐ. ಬರೆದ ಕಾಗದಗಳನ್ನು ಯಾರಾದರೂ ನೋಡಿಯಾರೆಂದು ಚೂರು ಚೂರು ಮಾಡಿ ಒಲೆಗೆ ಹಾಕುತ್ತಿದ್ದೆ. ಅವ್ವನಿಗೆ ಅನುಮಾನ ಬಂದು ಯಾವ ಹುಡುಗ ಕೊಟ್ಟ ಚೀಟಿ ಎಂದು ಕೇಳಿದಳು. ಹುಡುಗ ಕೊಟ್ಟದ್ದಾಗಿದ್ದರೆ ಎಷ್ಟೋ ನಿಶ್ಚಿಂತೆಯಾಗಿರುತ್ತಿದ್ದೆ ಎಂದು ಅವಳಿಗೆ ಹೇಗೆ ಹೇಳಲಿ? ಲೆಕ್ಕದ ಮೇಷ್ಟ್ರು ನಾನು ಬೆರಳು ಎಣಿಸುವುದನ್ನು ನೋಡಿ, ಒಂಬತ್ತನೇ ಕ್ಲಾಸಿಗೆ ಬಂದರೂ ಬೆರಳು ಬಿಡಲಿಲ್ಲವಲ್ಲ ಎಂದು ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚಿನ ಮೇಲೆ ನಿಂತೂ ಎಣಿಸಿದೆ. ಆ ಚಾಳಿ ಇನ್ನೂ ಬಿಟ್ಟಿಲ್ಲ. ಮದುವೆ ಮಂಟಪದಲ್ಲಿ ಕೂತರೆ ಬ್ಯಾನರಿನ ಇಂಗ್ಲಿಷ್ ಅಕ್ಷರಗಳನ್ನು ಎಣಿಸುತ್ತೇನೆ, ಅಕ್ಷತೆ ಹಾಕುವುದನ್ನು ಮರೆಯುತ್ತೇನೆ.

ಸಾಹುಕಾರರು ಕೊಟ್ಟ ಗಡುವು ಮುಂದಿನ ವಾರ ಕಳೆದು ಬರುವ ಸೋಮವಾರ. ಭಾನುವಾರ ಸಾಯಂಕಾಲದವರೆಗೂ ಪದವಿಲ್ಲ. ಅಪ್ಪ ಕೇಳಲಿಲ್ಲ, ಆದರೆ ಎರಡು ಸಲ ಸುಮ್ಮನೆ ನನ್ನ ಹತ್ತಿರ ಬಂದು ನಿಂತು ಹೋದರು. ಅಷ್ಟರಲ್ಲಿ ತಮ್ಮ ಬಸ್ ಸ್ಟ್ಯಾಂಡಿನಿಂದ ಮಂಡಕ್ಕಿ ಮೆಣಸಿನಕಾಯಿ ತಂದ. ಪೊಟ್ಟಣ ಬಿಚ್ಚಿದರೆ ಇಂಗ್ಲಿಷ್ ಪೇಪರು. ಎಣ್ಣೆ ಹೀರಿ ಪಾರದರ್ಶಕವಾಗಿದ್ದ ಹಾಳೆಯಲ್ಲಿ ದಪ್ಪಕ್ಷರದ ಒಂದು ಪದ, ಬಿಯಿಂದ ಶುರು. ಎಣಿಸಿದೆ. ಹತ್ತು. ಇನ್ನೊಮ್ಮೆ ಎಣಿಸಿದೆ. ಬಿ, ಎ, ಎನ್, ಕೆ, ಆರ್, ಯು, ಪಿ, ಟಿ, ಸಿ, ವೈ. ಓ ಇಲ್ಲ, ಐ ಇಲ್ಲ, ಯಾವುದೂ ಎರಡು ಸಲ ಇಲ್ಲ. ಮಂಡಕ್ಕಿ ಬಿಟ್ಟು ಕಾಗದ ಎತ್ತಿಕೊಂಡು ಓಡಿದ ನನ್ನನ್ನು ನೋಡಿ ತಮ್ಮ ನನ್ನ ಪಾಲನ್ನೂ ಮುಗಿಸಿದ.

ಮಾರನೆಯ ದಿನ ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಅಂಗಡಿಯಲ್ಲಿ ಪದ ಒಪ್ಪಿಸಿದೆ. ಸಾಹುಕಾರರು ಒಂದೊಂದೇ ಅಕ್ಷರ ಬರೆದುಕೊಂಡು, ಬೆರಳಿನಿಂದ ಎಣಿಸಿ, ತಲೆ ಆಡಿಸಿದರು. ಅಪ್ಪನ ಮುಖ ಅರಳಿದ್ದು ನೋಡಬೇಕಿತ್ತು. ಆಮೇಲೆ ಸಾಹುಕಾರರು ಕೇಳಿದರು, ಇದರ ಅರ್ಥ ಏನವ್ವ ಎಂದು. ಗೊತ್ತಿಲ್ಲ ಎನ್ನಬಹುದಿತ್ತು. ಗಿಣಿಯ ಅಪ್ಪ ಅಷ್ಟು ಅಕ್ಕರೆಯಿಂದ ನೋಡುತ್ತಿರುವಾಗ ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಬ್ಯಾಂಕಿನಲ್ಲಿ ದುಡ್ಡು ಜಾಸ್ತಿ ಇರುವುದಕ್ಕೆ ಹಾಗೆನ್ನುತ್ತಾರೆ ಎಂದೆ. ಸಾಹುಕಾರರು ಶುಭವಾಯಿತು ಎಂದು ಕಾಗದಕ್ಕೆ ವಿಭೂತಿ ಹಚ್ಚಿ ಗಾದಿಯ ಕೆಳಗಿಟ್ಟರು. ನನಗೊಂದು ಲಂಗದ ಬಟ್ಟೆ ಹರಿಸಿಕೊಟ್ಟರು.

ಮಂಗಳವಾರ ಹೆಡ್‌ಮಾಸ್ಟರ ಕೋಣೆಯ ಬೀರುವಿನಲ್ಲಿದ್ದ ಇಂಗ್ಲಿಷ್-ಕನ್ನಡ ನಿಘಂಟನ್ನು ಕೇಳಿ ಪಡೆದೆ. ಹೆಮ್ಮೆಗಾಗಿ ನೋಡಿದ್ದೇ ಹೊರತು ಅನುಮಾನದಿಂದಲ್ಲ. ಪದ ಸಿಕ್ಕಿತು. ಎದುರಿಗೆ ಅಚ್ಚಾಗಿತ್ತು: ದಿವಾಳಿತನ, ಪಾಪರಾಗುವಿಕೆ.

ಪುಸ್ತಕ ಮುಚ್ಚಿ, ಮತ್ತೆ ತೆರೆದು, ಬೇರೆ ಪದದ ಸಾಲನ್ನೇನಾದರೂ ಓದಿದೆನೇ ಎಂದು ಸ್ಕೇಲು ಇಟ್ಟು ನೋಡಿದೆ. ಅದೇ. ವಿಭೂತಿ ಹಚ್ಚಿಸಿಕೊಂಡು ಗಾದಿಯ ಕೆಳಗೆ ಕೂತಿರುವ ಪದ ಅದೇ. ಸಾಯಂಕಾಲ ಅಂಗಡಿಗೆ ಓಡಿ ಹೇಳಿಬಿಡೋಣವೆಂದು ಹೋದೆ. ಅಪ್ಪ ಪೆನ್ಸಿಲು ಚೂಪು ಮಾಡಿಕೊಂಡು ಚೀಟಿ ಬರೆಯುತ್ತಿದ್ದರು. ಬರೆದು ಮುಗಿಸಿದ ಚೀಟಿಗಳ ರಾಶಿ ಮೊಣಕಾಲೆತ್ತರ. ನನ್ನನ್ನು ನೋಡಿ ಕಣ್ಣಿನಲ್ಲೇ ನಕ್ಕರು. ನಾನು ಹಾಗೇ ಹಿಂದಿರುಗಿ ಬಂದೆ.

ಇನ್ನು ನನ್ನ ಹೆದರಿಕೆಯ ಕತೆ. ಒಂದು ಅಂಗಡಿಯ ಪ್ರತಿಯೊಂದು ಸೀರೆ, ಪಂಚೆ, ಕುಬುಸದ ಖಣದ ಮೇಲೂ ದಿವಾಳಿಯ ಚೂರುಗಳನ್ನು ಅಂಟಿಸಿದರೆ ಆ ಅಂಗಡಿ ಉಳಿಯುತ್ತದೆಯೇ? ಉಳಿಯದಿದ್ದರೆ ಮುಳುಗಿಸಿದವರು ಯಾರು? ಅಪ್ಪ ಸಾಯಂಕಾಲ ಮನೆಗೆ ಬರುವಾಗ ಅಂಗಡಿಯ ಬೀಗದ ಕೈ ಗೊಂಚಲು ಸೊಂಟದಲ್ಲಿ ಝಣಝಣ ಎನ್ನುತ್ತಿತ್ತು. ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಆ ಸದ್ದಿಗೇ ಕಾಯುತ್ತಿದ್ದೆ. ಬೀಗದ ಕೈ ಇದೆ ಅಂದರೆ ಬೀಗ ಇದೆ, ಬೀಗ ಇದೆ ಅಂದರೆ ಅಂಗಡಿ ಇದೆ. ಸದ್ದು ಕೇಳಿದ ಮೇಲೇ ಉಸಿರು ಬಿಟ್ಟು ಪಾಠದ ಮುಂದಿನ ಸಾಲಿಗೆ ಹೋಗುತ್ತಿದ್ದೆ. ಮನೆಯವರು ಹುಡುಗಿಗೆ ಅಪ್ಪನೆಂದರೆ ಎಷ್ಟು ಪ್ರೀತಿ ಎಂದುಕೊಂಡರು.

ಮರುವರ್ಷ ಮಳೆಗಾಲದಲ್ಲಿ ಹೊಳೆ ಉಕ್ಕಿ ನೀರು ಪೇಟೆಯ ಕಡೆಗೆ ಏರಿತು. ಊರೆಲ್ಲ ತುಂಗಭದ್ರೆ ಮುನಿದಳು ಅಂದಿತು. ನಾನು ಮಾತ್ರ ಇದು ನನ್ನ ಪದದ ಕೆಲಸ ಎಂದು ದೇವರ ಕೋಣೆಯಲ್ಲಿ ಅಡ್ಡಬಿದ್ದೆ. ನೀರು ಅಂಗಡಿಯ ಮೆಟ್ಟಿಲವರೆಗೆ ಬಂದು ಇಳಿಯಿತು. ಸಾಹುಕಾರರಿಗೆ ಕಾಮಾಲೆಯಾದಾಗಲೂ ನಾನೇ, ಯಾವುದೋ ಮಿಲ್ಲಿನಲ್ಲಿ ಮುಷ್ಕರವಾಗಿ ಮಾಲು ತಡವಾದಾಗಲೂ ನಾನೇ. ಹೊನ್ನಾಳಿಯ ಹುಡುಗಿಯೊಬ್ಬಳು ದೂರದ ಮಿಲ್ಲನ್ನು ನಿಲ್ಲಿಸುವಷ್ಟು ಶಕ್ತಿವಂತಳೆಂದು ನಂಬಿದ್ದೆನಲ್ಲ, ಆ ಜಂಭಕ್ಕೆ ಏನೆನ್ನೋಣ.

ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ದೀಪಾವಳಿಗೆ. ಪ್ರತಿವರ್ಷ ಹಬ್ಬದ ಮಾಲು ಬಂದು, ಚೀಟಿ ಬರೆಯುವ ಕೆಲಸ ಮುಗಿಸಿ ಬಂದ ದಿನ ಅಪ್ಪ ಕಾಲು ತೊಳೆದು, ಕಂಬಕ್ಕೊರಗಿ ಕೂತು, ಎಲೆಗೆ ಸುಣ್ಣ ಸವರುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಆ ಪದಕ್ಕೆ ಏನೋ ಅರ್ಥ ಹೇಳಿದ್ಯಲ್ಲವ್ವ, ಏನದು?"

ಬ್ಯಾಂಕಿನಲ್ಲಿ ದುಡ್ಡು ಜಾಸ್ತಿ ಇರೋದು ಅಪ್ಪಾ ಎನ್ನುತ್ತಿದ್ದೆ. ಹೌದಾ ಎಂದು ಎಲೆ ಬಾಯಿಗಿಟ್ಟುಕೊಳ್ಳುತ್ತಿದ್ದರು. ಮರೆಗುಳಿ ಅಪ್ಪ, ಪ್ರತಿವರ್ಷ ಮರೆಯುತ್ತಾರೆ, ಬದುಕಿದೆ ಎಂದು ನಾನು ಒಳಗೆ ಓಡುತ್ತಿದ್ದೆ. ನನ್ನ ಎಸ್ಸೆಸ್ಸೆಲ್ಸಿ ಮುಗಿಯಿತು, ಕಾಲೇಜು ಮುಗಿಯಿತು, ಬಿ.ಎಡ್. ಮುಗಿಯಿತು. ಪ್ರಶ್ನೆ ಬದಲಾಗಲಿಲ್ಲ, ನನ್ನ ಉತ್ತರವೂ ಬದಲಾಗಲಿಲ್ಲ.

ಒಂದು ಸಲ ಮಾತ್ರ ಬಾಯಿವರೆಗೆ ಬಂದಿತ್ತು. ಆ ಸಾಯಂಕಾಲ ಅಪ್ಪ ಬಂದಾಗ ಸೊಂಟದಲ್ಲಿ ಬೀಗದ ಕೈ ಇರಲಿಲ್ಲ. ಬರಿಯ ಚಪ್ಪಲಿಯ ಸದ್ದು. ಮುಗಿಯಿತು, ಅಂಗಡಿ ಹೋಯಿತು, ಅಪ್ಪನ ಕೆಲಸ ಹೋಯಿತು ಎಂದುಕೊಂಡೆ. ಅಪ್ಪಾ, ಆ ಪದ ಅಂದೆ. ಅಪ್ಪ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಛತ್ರಿಯನ್ನು ಗೋಡೆಗೊರಗಿಸಿ ನನ್ನ ಪಕ್ಕದಲ್ಲೇ ಜಗಲಿಯ ಮೇಲೆ ಕೂತರು. ಯಾವ ಪದ, ಹೇಳವ್ವ ಎಂದರು. ಅವರ ಧ್ವನಿ ಅಷ್ಟು ಮೃದುವಾಗಿದ್ದದ್ದನ್ನು ನಾನು ಕೇಳಿರಲಿಲ್ಲ. ನಾನು ಬೀಗದ ಕೈ ಎಲ್ಲಿ ಎಂದು ಕೇಳಿದೆ. ಚನ್ನಗಿರಿಯಿಂದ ಲಾರಿಯಲ್ಲಿ ಗಂಟು ಬರುವುದಿತ್ತು, ಸಾಹುಕಾರರ ಹತ್ತಿರವೇ ಬಿಟ್ಟು ಬಂದೆ ಎಂದರು. ಅಷ್ಟೇ, ನನ್ನ ಧೈರ್ಯ ಹಿಂದಕ್ಕೆ ಸರಿಯಿತು. ಏನಿಲ್ಲಪ್ಪಾ ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಒಳಗೆ ಹೋದರು. ಪಾಪ, ದಣಿದಿದ್ದಾರೆ ಎಂದುಕೊಂಡೆ.

ನನಗೆ ಜಗಳೂರಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಏನು ಕೆಲಸ ಅಂತೀರಿ, ಇಂಗ್ಲಿಷ್ ಕಲಿಸುವುದು. ನಗಬೇಡಿ. ಸೇರುವ ಮುಂಚೆ ಅಪ್ಪ ಅಂಗಡಿಯಿಂದ ಒಂದು ಇಳಕಲ್ ಸೀರೆ ತಂದುಕೊಟ್ಟರು. ಮೊನ್ನೆ ಟ್ರಂಕಿನಿಂದ ಹೊರಬಂದದ್ದು ಅದೇ. ಜಗಳೂರಿನ ಮಕ್ಕಳಿಗೆ ನಾನು ಪದಗಳ ಆಟ ಆಡಿಸುತ್ತಿದ್ದೆ. ಇಷ್ಟು ಅಕ್ಷರದ ಪದ, ಇಂಥ ಅಕ್ಷರದಿಂದ ಶುರು, ಹುಡುಕಿ. ಆದರೆ ಹುಡುಕಿದ ಮೇಲೆ ಅರ್ಥ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಿದವರಿಗೆ ಒಂದು ಮಾರ್ಕು ಜಾಸ್ತಿ ಕೊಡುತ್ತಿದ್ದೆ. ಈ ಟೀಚರಿಗೆ ಏನೋ ಆಗಿದೆ ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡರು.

ಜಗಳೂರಿಗೆ ಹೋದ ಮೂರನೆಯ ವರ್ಷ ಅಪ್ಪ ತೀರಿಕೊಂಡರು. ಎದೆನೋವು, ಒಂದೇ ದಿನ. ನಾನು ಬಸ್ಸು ಬದಲಿಸಿ ಬದಲಿಸಿ ಹೊನ್ನಾಳಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಸಾಹುಕಾರರು ಬಾಗಿಲ ಬಳಿ ನಿಂತಿದ್ದರು. ಅವರ ಅಂಗಡಿ ಆಗಲೂ ನೆಟ್ಟಗೆ ನಡೆಯುತ್ತಿತ್ತು. ಇನ್ನೊಂದೆರಡು ವರ್ಷಕ್ಕೆ ವಯಸ್ಸಾಯಿತೆಂದು ಅಣ್ಣನ ಮಗನಿಗೆ ಅಂಗಡಿ ಬಿಟ್ಟುಕೊಟ್ಟು ಚನ್ನಗಿರಿಯ ಮಗಳ ಮನೆಗೆ ಹೋದರು. ಅವನು ಆ ಪದ ಕೇಳಲೇ ಇಲ್ಲ, ಅಚ್ಚು ಬೆಲೆಗೆ ಮಾರಿದ; ಮುಂದೊಂದು ದಿನ ಅಂಗಡಿಯೂ ಮುಚ್ಚಿತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಯಾರದೋ ಮದುವೆಗೆಂದು ಚನ್ನಗಿರಿಗೆ ಹೋದವಳು ಅವರನ್ನು ನೋಡಲು ಹೋದೆ. ಹಜಾರದಲ್ಲಿ ಕುರ್ಚಿಯ ಮೇಲೆ ಕೂತಿದ್ದರು, ಕುಗ್ಗಿ ಚಿಕ್ಕವರಾಗಿ ಕಂಡರು. ಲಿಂಗದ ದಾರದ ಮೇಲೆ ಅದೇ ಕೈ. ಅವರ ಎದುರು ಕೂತಾಗ ನಾನು ಮತ್ತೆ ಒಂಬತ್ತನೆಯ ತರಗತಿಯ ಹುಡುಗಿಯಾದೆ. ಅಪ್ಪನಿಗೆ ಹೇಳಲಾಗಲಿಲ್ಲ, ಇವರಿಗಾದರೂ ಹೇಳಿಬಿಡೋಣ, ಬೈದರೆ ಬೈಯಲಿ ಎಂದು ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. ನಾನು ಕೊಟ್ಟ ಪದದ ಅರ್ಥ ಸುಳ್ಳು. ಅದರ ಅರ್ಥ ದಿವಾಳಿ. ಮಾರನೆಯ ದಿನವೇ ಗೊತ್ತಾಗಿತ್ತು, ಹೆದರಿ ಮುಚ್ಚಿಟ್ಟೆ.

ಸಾಹುಕಾರರು ಬೈಯಲಿಲ್ಲ.

"ಗೊತ್ತೈತವ್ವ" ಎಂದರು. "ಪದ ಕೊಟ್ಟ ಮೂರನೇ ದಿನಕ್ಕೇ ಗೊತ್ತಾತು."

ಹೇಗೆ ಗೊತ್ತಾಯಿತೆಂದು ಅವರು ನಿಧಾನವಾಗಿ ಹೇಳಿದರು. ಮಗಳು ಹುಡುಕಿದ ಪದವನ್ನು ಒಂದು ಸಲವಾದರೂ ನೆಟ್ಟಗೆ ಬಾಯಲ್ಲಿ ಹೇಳಬೇಕೆಂದು ಅಪ್ಪನಿಗೆ ಆಸೆಯಾಗಿ, ಅಂಗಡಿಯ ವಿಷಯ ಎತ್ತದೆ, ಪೋಸ್ಟ್ ಮಾಸ್ಟರ ಹತ್ತಿರ ಹೋಗಿ ಅಕ್ಷರ ತೋರಿಸಿ ಕೇಳಿದರಂತೆ. ಅವರು ಉಚ್ಚಾರ ಹೇಳಿಕೊಟ್ಟು, ಯಾರು ಪಾಪರಾದರು ಎಂದು ವಿಚಾರಿಸಿದರಂತೆ. ಅಪ್ಪ ಅಲ್ಲಿಂದ ನೇರ ಅಂಗಡಿಗೆ ಬಂದು ಗಾದಿಯ ಕೆಳಗೆ ಕೂತು, ತಪ್ಪು ತನ್ನದು, ಹುಡುಗಿಯದಲ್ಲ, ಬೇಕಾದರೆ ಕೆಲಸ ಬಿಡಿಸಿಬಿಡಿ ಎಂದರಂತೆ. ಸಾಹುಕಾರರು ಒಂದು ದಿನವಿಡೀ ಯೋಚಿಸಿದರಂತೆ. ತನ್ನ ಅಂಗಡಿಯ ಬಟ್ಟೆಯ ಮೇಲೆ ತಾನೇ ದಿವಾಳಿ ಎಂದು ಬರೆದುಕೊಳ್ಳುವ ವ್ಯಾಪಾರಸ್ಥ ಎಲ್ಲಿದ್ದಾನೆ? ನ್ಯಾಮತಿಯವರಷ್ಟೇ ಅಲ್ಲ, ಯಾರು ತಲೆ ಕೆಡಿಸಿಕೊಂಡರೂ ಇದನ್ನು ಊಹಿಸಲಾರರು. ಹಾಗೆಂದು ಅದೇ ಪದ ಉಳಿಸಿಕೊಂಡರು. ಮೊದಲ ವರ್ಷ ನನಗೂ ಹೆದರಿಕೆ ಇತ್ತವ್ವ, ದಿನಾ ಬಾಗಿಲು ತೆಗೆಯುವಾಗ ಬಸವಣ್ಣನಿಗೆ ಕೈಮುಗಿಯುತ್ತಿದ್ದೆ ಎಂದು ನಕ್ಕರು.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರ ನಗು ನಿಂತಿತು.

"ನಾ ಹೇಳಾಕೆ ಹೊಂಟಿದ್ದೆ. ನಿಮ್ಮಪ್ಪ ತಡದ. ಬ್ಯಾಡ್ರಿ ಸಾವ್ಕಾರ್ರೆ, ಅವಳಾಗೇ ಬಂದು ಹೇಳ್ತಾಳೆ ಅಂದ. ದೀಪಾವಳಿ ಬಂದಾಗೆಲ್ಲ ನಾ ಕೇಳ್ತಿದ್ದೆ, ಹೇಳಿದ್ಲೇನೋ ಗುರಪ್ಪ ಅಂತ. ಇನ್ನೂ ಇಲ್ರೀ, ಮುಂದಿನ ವರ್ಷ ಹೇಳ್ತಾಳೆ ಅಂತಿದ್ದ."

ಆಮೇಲೆ ಅವರೇನು ಹೇಳಿದರೋ, ಅವರ ಮಗಳು ಏನು ತಿನ್ನಲು ಕೊಟ್ಟಳೋ ನೆನಪಿಲ್ಲ. ಬಸ್ಸಿನಲ್ಲಿ ಕೂತು ದೀಪಾವಳಿಗಳನ್ನು ಬೆರಳು ಮಡಿಸಿ ಎಣಿಸಿದೆ. ಹತ್ತು ಬೆರಳು ಸಾಲಲಿಲ್ಲ. ಮರೆಗುಳಿ ಎಂದುಕೊಂಡಿದ್ದ ಅಪ್ಪ ಒಂದು ವರ್ಷವೂ ಮರೆತಿರಲಿಲ್ಲ. ಕಂಬಕ್ಕೊರಗಿ, ಎಲೆಗೆ ಸುಣ್ಣ ಸವರುತ್ತ, ಈ ವರ್ಷ ಹೇಳುತ್ತಾಳೆ ಎಂದು ಕಾದಿದ್ದರು. ಆ ಸಾಯಂಕಾಲ ಜಗಲಿಯ ಮೇಲೆ ನನ್ನ ಪಕ್ಕ ಕೂತದ್ದು ದಣಿವಿಗಲ್ಲ. ನಾನು ಇಷ್ಟು ವರ್ಷ ಅಂಗಡಿ ಹೋದೀತೆಂದು ಹೆದರಿದೆ, ಕೆಲಸ ಹೋದೀತೆಂದು ಹೆದರಿದೆ. ಹೋದದ್ದು ಇದು, ಅಪ್ಪ ಕಾದಿದ್ದ ಒಂದು ಮಾತು. ಇದಕ್ಕೆ ಒಂದು ದಿನವೂ ಹೆದರಿರಲಿಲ್ಲ.

ಟೀ ತಣ್ಣಗಾಗಿತ್ತು. ಸೊಸೆ ಸೀರೆಗಳನ್ನು ಮತ್ತೆ ಮಡಿಸಿ ಟ್ರಂಕಿಗೆ ಇಟ್ಟು, ಚೀಟಿ ಎಸೆಯಲೇ ಎಂದು ಕೇಳಿದಳು. ಕೈಯೊಡ್ಡಿ ಇಸಿದುಕೊಂಡೆ. ಚೂಪು ಪೆನ್ಸಿಲಿನ, ಒಂದೊಂದನ್ನೂ ಬಿಡಿಬಿಡಿಯಾಗಿ ಬರೆದ ಅಪ್ಪನ ಅಕ್ಷರ. ಅರ್ಥ ಗೊತ್ತಿದ್ದೂ ಬರೆದ ಅಕ್ಷರ. ಅವಳು ಅಡಿಗೆಮನೆಗೆ ಹೋಗುವವರೆಗೆ ಕಾದು, ಆ ಚೀಟಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದೆ.

"ಅಪ್ಪಾ, ಆ ಪದಕ್ಕೆ ದಿವಾಳಿ ಅಂತ ಅರ್ಥ."